ಬರಿಗಾಲಲ್ಲಿ ರನ್‌ವೇ ಅಳೆದ ಕರೆಮ್ಮ

ಬೆಳಗಿನ ಐದೂವರೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಅದಿರಿನ ಲಾರಿಗಳು ಆಗಲೇ ಸಾಲು ಹಿಡಿದಿವೆ. ರಸ್ತೆಯಿಂದ ತುಸು ಒಳಗೆ, ಜಾಲಿ ಗಿಡಗಳ ಹಿಂದಿರುವ ಖಾಸಗಿ ರನ್‌ವೇಯ ಮೇಲೆ ಐವತ್ತಾರರ ಕರೆಮ್ಮ ಚಪ್ಪಲಿ ಬಿಟ್ಟು ನಡೆಯುತ್ತಿದ್ದಾರೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಬುಟ್ಟಿ. ಆಗಾಗ ಬಗ್ಗಿ ಗೋಲಿ ಗಾತ್ರದ ಕಲ್ಲೊಂದನ್ನು ಬುಟ್ಟಿಗೆ ಹಾಕುತ್ತಾರೆ. ವಿಮಾನದ ಮೂತಿಯಲ್ಲಿ ತಿರುಗುವ ಫ್ಯಾನಿಗೆ ಅಂಥದೊಂದು ಕಲ್ಲು ಸಿಡಿದು ಬಡಿದರೂ ಸಾಕು, ತಿಂಗಳುಗಟ್ಟಲೆ ರಿಪೇರಿ.

"ಎಲ್ಲಾ ಕಡಿ ಕೆಂಪು ಧೂಳು ಕುಂತಿರ್ತತ್ರಿ. ಕಲ್ಲು ಯಾವ್ದು, ಟಾರು ಯಾವ್ದು ಗೊತ್ತಾಗಂಗಿಲ್ಲ. ಕಣ್ಣಿಗೆ ಕಾಣದ್ದು ಕಾಲಿಗೆ ಸಿಗ್ತತಿ," ಎನ್ನುತ್ತಾರೆ ಕರೆಮ್ಮ. ಬರಿಗಾಲಿನ ಗುಟ್ಟು ಅಷ್ಟೇ.

ಈ ತುದಿಯಿಂದ ಆ ತುದಿಗೆ ಸಾವಿರದ ಐನೂರ ಐವತ್ತು ಹೆಜ್ಜೆ. ಎಡಮಗ್ಗುಲಲ್ಲಿ ಹೋಗಿ ಬಂದು, ಬಲಮಗ್ಗುಲಲ್ಲಿ ಹೋಗಿ ಬರುವಷ್ಟರಲ್ಲಿ ನಾಲ್ಕು ಕಿಲೋಮೀಟರು. ದಿನಕ್ಕೆ ನಲವತ್ತರಿಂದ ಐವತ್ತು ಕಲ್ಲು, ಗಾಳಿ ಜೋರಿದ್ದ ಮರುದಿನ ನೂರು. ಹನ್ನೊಂದು ವರ್ಷದಿಂದ ಇದೇ ಲೆಕ್ಕ. ರನ್‌ವೇಯನ್ನು ಟೇಪು ಹಿಡಿದು ಅಳೆದವರಿರಬಹುದು, ಕಾಲಲ್ಲಿ ಓದಿದವರು ಈಕೆ ಒಬ್ಬರೇ.

ಕಲ್ಲಿನ ಸಹವಾಸ ಕರೆಮ್ಮನಿಗೆ ಹೊಸದಲ್ಲ. ಗಣಿಗಾರಿಕೆ ಭರಾಟೆಯಲ್ಲಿದ್ದಾಗ ಸಂಡೂರಿನ ಗುಡ್ಡಗಳಲ್ಲಿ ಒಂಬತ್ತು ವರ್ಷ ಕೈಯಿಂದ ಅದಿರು ಆರಿಸಿದವರು. ಪಕ್ಕದಲ್ಲಿ ಕೂತು ಆರಿಸುತ್ತಿದ್ದಾಕೆ ಕಡ್ಡಿರಾಂಪುರದ ಹಂಪಕ್ಕ. ಗಣಿಗಳು ನಿಂತಾಗ ಇಬ್ಬರೂ ಒಂದೇ ದಿನ ಬರಿಗೈಯಲ್ಲಿ ಮನೆಗೆ ಬಂದರು. ಹಂಪಕ್ಕ ರಸ್ತೆ ಬದಿ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಅಂಗಡಿ ಹಾಕಿದರು. ಕರೆಮ್ಮ ಮೂರು ವರ್ಷ ಸಿಕ್ಕ ಕೂಲಿ ಮಾಡಿ ಇಲ್ಲಿಗೆ ಬಂದು ಸೇರಿದರು. "ಅವಾಗ ಅದಿರು ಆರಿಸಿ ಗುಂಪಿ ಹಾಕ್ತಿದ್ವಿ, ಈಗ ಆರಿಸಿ ಒಗೀತೀನಿ. ಕಲ್ಲಂತೂ ನನ್ನ ಬಿಡಲಿಲ್ಲ," ಎಂದು ನಗುತ್ತಾರೆ.

ಇಲ್ಲಿ ಹಾರುವುದು ಒಂದೇ ವಿಮಾನ. ಗಣಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಸಂಡೂರಿನ ಜಂಬುನಾಥ್, ಗುಜರಿಗೆ ಹೋಗಬೇಕಿದ್ದ ಎಪ್ಪತ್ತು ವರ್ಷದ ನಾಲ್ಕು ಸೀಟಿನ ವಿಮಾನವನ್ನು ತಂದು, ಆರು ವರ್ಷ ಅದರ ಸೇವೆ ಮಾಡಿ ಎಬ್ಬಿಸಿದ್ದಾರೆ. ಅದು ಹಾರುವ ದಿನ ಕರೆಮ್ಮ ಕಂಬಕ್ಕೆ ಕೆಂಪು ಬಟ್ಟೆ ಏರಿಸುತ್ತಾರೆ. ಆಗ ಊರಿನವರು ಯಾರೂ ರನ್‌ವೇಗೆ ಕಾಲಿಡುವುದಿಲ್ಲ. ವಿಮಾನ ಹೊರಟುಹೋದರೆ ಬಟ್ಟೆ ಇಳಿಯುತ್ತದೆ, ಮರಳುವ ಎರಡು ತಾಸು ಮೊದಲು ಮತ್ತೆ ಏರುತ್ತದೆ. ಬಟ್ಟೆ ಇಳಿದಿದ್ದರೆ ಪಕ್ಕದ ಊರಿನ ಮಾರೆಪ್ಪ ಮತ್ತು ನಾಲ್ಕು ಮನೆಯವರು ಆಚೆ ತುದಿಯಲ್ಲಿ ಮೆಕ್ಕೆಜೋಳ ಒಣಗಿಸಬಹುದು. ಈ ಒಪ್ಪಂದ ಕರೆಮ್ಮನಿಗೂ ಊರಿಗೂ ಗೊತ್ತು, ಜಂಬುನಾಥರಿಗೆ ಮಾತ್ರ ಗೊತ್ತಿರಲಿಲ್ಲ. ರನ್‌ವೇ ಮೇಲೆ ಒಂದು ಕಾಳೂ ಬೀಳಕೂಡದೆಂಬುದು ಅವರ ಕಟ್ಟಪ್ಪಣೆ. ತಪ್ಪಿದರೆ ಕೆಲಸವಿಲ್ಲ.

ಕಳೆದ ನವೆಂಬರಿನಲ್ಲಿ ಜಂಬುನಾಥರು ಹಟ ಹಿಡಿದು ಕರೆಮ್ಮನನ್ನು ಹಾರಲು ಕರೆದರು. ಕರೆಮ್ಮನದು ಒಂದೇ ಷರತ್ತು, ಹಂಪಕ್ಕನೂ ಬರಬೇಕು. ಹಂಪಕ್ಕ ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟು, ಮಿರ್ಚಿಯ ಪೊಟ್ಟಣ ಹಿಡಿದು ಬಂದರು. ಎಂಟು ಗಂಟೆಗೆ ವಿಮಾನ ಏರಿತು. ಡ್ಯಾಮಿನ ನೀರು, ಹಂಪಿಯ ಬಂಡೆಗಳು, ಕಂಪ್ಲಿಯ ಕೊಯ್ಲಾಗದ ಭತ್ತದ ಗದ್ದೆ, ಎಲ್ಲ ಕಂಡವು. ಸಂಡೂರಿನಾಚೆ ಜಂಬುನಾಥರ ಗೆಳೆಯರ ತೋಟದಲ್ಲಿನ ಕಿರು ರನ್‌ವೇಯಲ್ಲಿ ಇಳಿದು ರೊಟ್ಟಿ ಉಂಡರು. ತಾವು ಅದಿರು ಆರಿಸಿದ ಗುಡ್ಡವನ್ನು ಮೇಲಿನಿಂದ ಗುರುತಿಸಿದ್ದೇ ಇಬ್ಬರಿಗೂ ದೊಡ್ಡ ಸಂಭ್ರಮ.

ಸಂಜೆ ನಾಲ್ಕಕ್ಕೆ ಮರಳಿ ಬರುವಾಗ ರನ್‌ವೇ ಕಾಣಿಸಿತು. "ಏ ಕರೆವ್ವ, ಅಲ್ನೋಡಲೇ, ಅರಿಷಿಣ ಬಳದಂಗ ಎಷ್ಟು ಚಂದ ಐತಿ!" ಎಂದರು ಹಂಪಕ್ಕ.

ಕರೆಮ್ಮ ಕಿಟಕಿಗೆ ಮುಖವಿಟ್ಟು ನೋಡಿದರು. ಅದು ಮೆಕ್ಕೆಜೋಳ. ವಿಮಾನ ಹೊರಟ ಕೂಡಲೇ ಬಟ್ಟೆ ಇಳಿಸುವುದು ಹನ್ನೊಂದು ವರ್ಷದ ರೂಢಿ. ಅಂದು ತಾವೇ ಹತ್ತಬೇಕಿದ್ದರಿಂದ ಮುಂಚೆಯೇ ಕೈ ತಾನಾಗಿ ಇಳಿಸಿಬಿಟ್ಟಿತ್ತು. ಮರಳಿ ಏರಿಸಬೇಕಾದವರು ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದರು!

ಜಂಬುನಾಥರೂ ನೋಡಿದರು. ಕಾಳು ಬಳಿಯಲು ತಾಸಾದರೂ ಬೇಕು, ಪೆಟ್ರೋಲು ಇದ್ದದ್ದು ಇಪ್ಪತ್ತು ನಿಮಿಷದ್ದು, ತೋಟಕ್ಕೆ ಮರಳಲೂ ಸಾಲದು. ಕಾಳಿನ ಮೇಲೆ ಚಕ್ರ ಹೋದರೆ ಜಾರಿ ಮಗುಚುವುದೇ. ಕಾಳಿನ ಈಚೆಗೆ ಜಾಗ ಎಷ್ಟಿದೆಯೆಂದು ಮೇಲಿನಿಂದ ಅಂದಾಜಿಗೆ ಸಿಗುತ್ತಿಲ್ಲ. ಬಾಯಿ ಮುಚ್ಚಿ ಕೂತರೆ ಕೆಲಸ ಉಳಿದೀತು, ಜೀವದ ಖಾತರಿಯಿಲ್ಲ. ಕರೆಮ್ಮ ಹಿಂದಿನ ಸೀಟಿನಿಂದ ಬಗ್ಗಿ, ಎಂಜಿನ್ ಸದ್ದಿನ ಮೇಲೆ ಕೂಗಿ ಎಲ್ಲ ಹೇಳಿಬಿಟ್ಟರು.

"ಸಾಹೇಬ್ರ, ತಪ್ಪು ನಂದು. ನಾನ ಹಾಕಾಕ ಬಿಟ್ಟೀನಿ. ನಡಕ ಒಂದು ಅಡ್ಡ ಬಿರುಕು ಐತಿ, ಅದನ್ನ ದಾಟಿ ಈ ಕಡಿ ಒಂದು ಕಾಳೂ ಇರಂಗಿಲ್ಲ. ಈ ತುದಿಯಿಂದ ಬಿರುಕಿಗೆ ಒಂಬೈನೂರ ಅರವತ್ತು ಹೆಜ್ಜಿ."

"ನಿನ್ನ ಹೆಜ್ಜಿ ಎಷ್ಟು ಉದ್ದ?"

ಕರೆಮ್ಮ ಎರಡು ಕೈ ಅಗಲಿಸಿ ತೋರಿಸಿದರು. ಜಂಬುನಾಥರು ಒಮ್ಮೆ ತಿರುಗಿ ನೋಡಿ, ಮನಸ್ಸಿನಲ್ಲೇ ಗುಣಿಸಿದರು. "ಸಾಲ್ತತಿ. ಆದ್ರ ಲೆಕ್ಕ ಖರೇ ಇರ್ಬೇಕು."

"ದಿನಾ ನಾಕ್ ಸಲ ಎಣಿಸ್ತೀನ್ರಿ. ಎಡಕ್ಕ ಹಿಡೀರಿ, ಬಲಕ್ಕ ಟಾರು ಕಿತ್ತೈತಿ."

ಚಕ್ರ ನೆಲ ಮುಟ್ಟಿತು, ಕುಪ್ಪಳಿಸಿತು, ಮತ್ತೆ ಮುಟ್ಟಿತು. ಮುಂದೆ ಹಳದಿ ದೊಡ್ಡದಾಗುತ್ತ ಬಂತು. ಹಂಪಕ್ಕ ಕಣ್ಣು ಮುಚ್ಚಿ ವಿರೂಪಾಕ್ಷನನ್ನೂ ಪಂಪಾದೇವಿಯನ್ನೂ ಒಟ್ಟಿಗೇ ಕರೆದರು. ಬ್ರೇಕು ಕಿರುಗುಟ್ಟಿ ವಿಮಾನ ನಿಂತಾಗ ಬಿರುಕಿಗೆ ಇನ್ನೂ ಎಪ್ಪತ್ತೆರಡು ಹೆಜ್ಜೆ ಉಳಿದಿತ್ತು. ಕರೆಮ್ಮ ಇಳಿದವರೇ ಮೊದಲು ಎಣಿಸಿದರು, ಆಮೇಲೆ ಅಲ್ಲೇ ಕುಸಿದು ಕೂತು ಅತ್ತರು. ಹಂಪಕ್ಕ ಅಳುತ್ತಿದ್ದ ಗೆಳತಿಯನ್ನು ತಬ್ಬಿಕೊಂಡು ಗಹಗಹಿಸಿ ನಕ್ಕರು. ಬದುಕಿದೆಯಾ ಬಡಜೀವವೇ ಎಂಬ ಮಾತಿನ ಅರ್ಥ ಇಬ್ಬರಿಗೂ ಅಂದು ಪೂರ್ತಿ ತಿಳಿಯಿತು.

ಮಾರೆಪ್ಪ ದೂರದಲ್ಲೇ ಕೈಮುಗಿದು ನಿಂತಿದ್ದರು. ಜಂಬುನಾಥರು ನಡೆದುಹೋಗಿ ಒಂದು ಹಿಡಿ ಕಾಳೆತ್ತಿದರು, ಒಂದನ್ನು ಹಲ್ಲಲ್ಲಿ ಕಚ್ಚಿ ನೋಡಿದರು.

"ಇನ್ನೂ ಹಸಿ ಐತಲ್ಲೋ. ಎರಡು ದಿನದ ಬಿಸಿಲಾದ್ರೂ ಬೇಕು. ನಾ ಸೋಮವಾರದ ತನಕ ಹಾರಂಗಿಲ್ಲ, ಒಣಗಿಸ್ರಿ," ಎಂದರು. ಕರೆಮ್ಮನಿಗೆ ಒಂದು ಮಾತೂ ಬೈಯಲಿಲ್ಲ.

ಕರೆಮ್ಮನಿಗೆ ಅಂದು ರಾತ್ರಿ ಬಂದಂಥ ನಿದ್ದೆ ವರ್ಷಗಳಲ್ಲಿ ಬಂದಿರಲಿಲ್ಲವಂತೆ. ಮರುದಿನ ಐದೂವರೆಗೆ ಮಾತ್ರ ಎಂದಿನಂತೆ ಕೆಲಸಕ್ಕೆ ಹಾಜರು. ಈಗ ಹಂಪಕ್ಕ ಅಂಗಡಿಗೆ ಬಂದವರಿಗೆಲ್ಲ ವಿಮಾನದ ಕಥೆ ಹೇಳುತ್ತಾರೆ. ಹೇಳಿದಷ್ಟು ಸಲ ಆ ಎಪ್ಪತ್ತೆರಡು ಹೆಜ್ಜೆ ಕಮ್ಮಿಯಾಗುತ್ತ, ಸದ್ಯಕ್ಕೆ ಮೂರಕ್ಕೆ ಬಂದು ನಿಂತಿವೆ. ಇನ್ನೊಮ್ಮೆ ಹಾರಲು ಅವರದು ತುದಿಗಾಲು.

ಕರೆಮ್ಮ? ಬುಟ್ಟಿಯ ಕಲ್ಲುಗಳನ್ನು ಬೇಲಿಯಾಚೆ ಸುರಿದು, ಪಾದದ ಧೂಳು ಕೊಡವುತ್ತ ಅವರು ಹೇಳುತ್ತಾರೆ: "ಹತ್ತತೀನ್ರಿ, ಯಾಕ ಹತ್ತಬಾರ್ದು? ಮಸ್ತ್ ಇರ್ತತಿ. ಆದ್ರ ನಾ ಮ್ಯಾಲಿದ್ದಾಗ ಕೆಳಗ ನನ್ನಂಥಾಕಿ ಒಬ್ಬಾಕಿ ಇರ್ಬೇಕು ನೋಡ್ರಿ."