ಶ್ಯಾಮಲಮ್ಮನವರ ಗುರುವಾರ

ಗುರುವಾರ ಬಂತೆಂದರೆ ಸಿಸ್ಟರ್ ಶ್ಯಾಮಲಮ್ಮನವರಿಗೆ ಲಸಿಕೆ ದಿನದ ದಿಗಿಲು. ಶ್ರೀನಿವಾಸಪುರದ ಬಸ್ಸಿನಲ್ಲಿ ಲಸಿಕೆಯ ಡಬ್ಬಿಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಬಿಸಿಲು ತಾಗೀತೆಂದು ಸೆರಗು ಹೊದಿಸುತ್ತಾರೆ. ಅಂಗನವಾಡಿಯಲ್ಲಿ ಸೀಸೆಯ ಮೇಲಿನ ಚೀಟಿಯನ್ನು ಮೂರು ಸಲ ಓದದೆ ಸೂಜಿ ಮುಟ್ಟುವವರಲ್ಲ. ಚುಚ್ಚಿದ ಮೇಲೂ ಬಿಡುಗಡೆಯಿಲ್ಲ. "ಅರ್ಧ ಗಂಟೆ ಕೂತ್ಕೊಳ್ಳಮ್ಮ, ಬಸ್ಸು ಇನ್ನೊಂದು ಬರ್ತದೆ" ಎಂದು ಬಾಗಿಲಿಗೆ ಅಡ್ಡ ನಿಂತು ಒಂದೊಂದು ಮಗುವಿನ ಉಸಿರಾಟವನ್ನೂ ನೋಡುತ್ತಾರೆ. ಸಂಜೆ ಮನೆಮನೆಗೂ ಫೋನು: "ಮಗು ಹಾಲು ಕುಡೀತಾ?" ಇಂಥ ಪುಕ್ಕಲು ನರ್ಸಮ್ಮನನ್ನು ಕಂಡೇ ಇಲ್ಲವೆಂದು ತಾಯಂದಿರು ನಗುತ್ತಾರೆ. ಆದರೆ ಯಾರಾದರೂ "ಮಗೂಗೆ ನೆಗಡಿ ಸಿಸ್ಟರ್, ಮುಂದಿನ ತಿಂಗಳು ಹಾಕಿಸ್ತೀನಿ" ಎಂದು ಎದ್ದರೆ ಶ್ಯಾಮಲಮ್ಮನವರ ಮುಖ ಬಿಳಿಚಿಕೊಳ್ಳುತ್ತದೆ. "ನೆಗಡಿ ಇದ್ರೂ ಹಾಕ್ಬೋದು ಕಣಮ್ಮ, ಏಮೀ ಕಾದು, ಏನೂ ಆಗಲ್ಲ, ಕೂತ್ಕೋ" ಎನ್ನುತ್ತ ಮಗುವನ್ನು ತಾವೇ ಎತ್ತಿಕೊಂಡುಬಿಡುತ್ತಾರೆ. ಅವರ ಚೀಲದ ತಳದಲ್ಲಿ, ಹನ್ನೊಂದು ವರ್ಷದ ಹಿಂದೆ ಒಬ್ಬ ಹೆಂಗಸು ತಂದು ಕೈಗಿಟ್ಟುಹೋದ, ಮಗುವಿನ ಲಸಿಕೆಗಳನ್ನು ಗುರುತು ಹಾಕುವ ತಾಯಿ ಕಾರ್ಡೊಂದಿದೆ. ಅದರಲ್ಲಿ ದಡಾರದ ಚುಚ್ಚುಮದ್ದಿನ ಎದುರು ಶ್ಯಾಮಲಮ್ಮನವರದೇ ದುಂಡಗಿನ ಅಕ್ಷರ: "ನೆಗಡಿ ಇದೆ, ಮುಂದಿನ ತಿಂಗಳು ಬನ್ನಿ." ಆ ತಿಂಗಳಿಗಿಂತ ಮೊದಲೇ ಊರಿಗೆ ದಡಾರ ಬಂದಿತ್ತು.