ಸಾಲಗಡಿಯ ಸಾಲ

ಸಂಶಯ ನನ್ನ ಹುಟ್ಟುಗುಣ. ಹಾಲಿನವಳು ಹಾಲು ಅಳೆಯುವಾಗ ಅವಳ ಹೆಬ್ಬೆರಳು ಮಾಪಿನ ಒಳಗಿದೆಯೋ ಹೊರಗಿದೆಯೋ ಎಂದು ನೋಡುತ್ತೇನೆ. ಕಿವಿಗೆ ಹಿಡಿದು ಅಲ್ಲಾಡಿಸದೆ ತೆಂಗಿನಕಾಯಿ ಕೊಂಡವಳಲ್ಲ. ಸೊಲ್ಲಾಪುರದ ಗಂಡನ ಮನೆಯಲ್ಲಿ ನನ್ನನ್ನು ‘ಫೌಜದಾರಬಾಯಿ’ ಎಂದು ಕಾಡಿಸುತ್ತಿದ್ದರು. ಇಂಥವಳಿಗೆ ಆ ವರ್ಷ ಯುಗಾದಿ ಪಾಡ್ಯ ಹತ್ತಿರವಾದಾಗ ಮಾವನವರು ತಾವಾಗಿಯೇ ಕರೆದು, ‘ಹಬ್ಬಕ್ಕ ತವರಿಗೆ ಹೋಗಿ ಬಾರವಾ’ ಎಂದರೆ ಹೇಗಾಗಬೇಡ? ತವರಿನ ಹೆಸರೆತ್ತಬೇಕಾದರೆ ನಾನು ವಾರಗಟ್ಟಲೆ ಅತ್ತೆಯ ಹಿಂದೆ ಮುಂದೆ ಸುಳಿಯಬೇಕಿತ್ತು. ಇದರಲ್ಲಿ ಏನೋ ಇದೆ ಅಂದುಕೊಂಡೆ. ಇತ್ತು.

ಮಾವನವರದು ಶೇಂಗಾ ವ್ಯಾಪಾರ. ಹಳ್ಳಿಗಳಿಂದ ಬಂದ ಶೇಂಗಾ ಸುಲಿಸಿ, ಹೆಣ್ಣಾಳುಗಳಿಂದ ದಪ್ಪ ಕಾಳು ಆರಿಸಿ, ಚೀಲ ಹೊಲಿಸಿ ಮುಂಬೈಯ ಒಂದು ಕಂಪನಿಗೆ ಕಳಿಸುತ್ತಿದ್ದರು. ಕಂಪನಿ ಅದನ್ನು ವಿಲಾಯತಿಗೆ ಕಳಿಸುತ್ತಿತ್ತು. ಆಗ ತುರ್ತು ಪರಿಸ್ಥಿತಿಯ ಕಾಲ. ಜೀತ ಇಡುವುದು ಇನ್ನು ಗುನ್ಹೆ, ಜೀತದವರ ಸಾಲವೆಲ್ಲ ರದ್ದು ಎಂದು ರೇಡಿಯೊ ಹೇಳುತ್ತಿತ್ತು. ಕಂಪನಿಯವರು ಹೆದರಿದರೋ, ವಿಲಾಯತಿಯ ಗಿರಾಕಿಯೇ ಕೇಳಿದನೋ ಗೊತ್ತಿಲ್ಲ, ಮರಾಠಿಯಲ್ಲಿ ಅಚ್ಚು ಹಾಕಿಸಿದ ಒಂದು ಕಾಗದ ಬಂತು. ಶೇಂಗಾ ಬೆಳೆದ ಹೊಲದ ಮಾಲೀಕ, ‘ನನ್ನ ಆಳಿನ ಮೇಲೆ ಯಾವ ಸಾಲವೂ ಇಲ್ಲ, ಅವನು ಬೇಕಾದಾಗ ಕೆಲಸ ಬಿಡಬಹುದು’ ಎಂದು ಸಹಿ ಮಾಡಬೇಕು. ಆಳು ಅದರ ಕೆಳಗೆ ಹೆಬ್ಬೆಟ್ಟು ಒತ್ತಬೇಕು. ಇಲ್ಲವಾದರೆ ಆ ಹೊಲದ ಮಾಲು ಬೇಡ. ಮಾವನವರು ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, ‘ಇದು ಇನ್‌ಕಮ್ ಟ್ಯಾಕ್ಸಿನವರ ಆಟ’ ಎಂದರು.

ಅವರಿಗೆ ಎಲ್ಲರಿಗಿಂತ ಹೆಚ್ಚು ಶೇಂಗಾ ಹಾಕುತ್ತಿದ್ದವನು ನಮ್ಮಪ್ಪ. ನನ್ನ ತವರು ಅಕ್ಕಲಕೋಟೆಯ ಆಚೆ, ಕುರನೂರಿನ ಮಗ್ಗುಲ ಹಳ್ಳಿ. ಮಾವನವರು ನನ್ನನ್ನು ಅಂಗಡಿಯ ಒಳಕೋಣೆಗೆ ಕರೆದು ಕೇಳಿದರು.

‘ನಿಮ್ಮಪ್ಪನ ಮನಿಯಾಗ ಒಬ್ಬ ಆಳು ಅದಾನಲ್ಲ, ಅಂವ ಎಂಥಾ ಆಳು?’

‘ಸಾಲಗಡಿ ಅದಾನ್ರಿ ಮಾಮಾ.’

ಲೆಕ್ಕ ಬರೆಯುತ್ತಿದ್ದ ದಿವಾಣಜಿ ಪೆನ್ನು ಕೆಳಗಿಟ್ಟರು. ಅವರು ವಿಜಾಪುರದ ಕಡೆಯಿಂದ ಹೊಸದಾಗಿ ಬಂದವರು, ಮರಾಠಿ ಅಷ್ಟಕ್ಕಷ್ಟೆ. ‘ಸಾಲದ ಗಡಿ? ಬಾಯಿ, ಹೊರಗ ಎಲ್ಲೂ ಹಿಂಗ ಅನಬ್ಯಾಡ್ರಿ, ನಿಮ್ಮಪ್ಪಾರನ್ನ ಒಳಗ ಹಾಕ್ತಾರ!’

ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ದಿವಾಣಜಿ, ಸಾಲ ಅಂದ್ರ ವರ್ಷ, ಗಡಿ ಅಂದ್ರ ಆಳು. ಮರಾಠಿ ಶಬ್ದ ಅದು. ಪಾಡ್ಯದಿಂದ ಪಾಡ್ಯಕ್ಕ ಒಂದು ವರ್ಷ ದುಡಿಯಾಂವ ಸಾಲಗಡಿ.’

ನಾನೂ ನಕ್ಕೆ. ಆದರೆ ಆ ಶಬ್ದ ಶೇಂಗಾದ ಸಿಪ್ಪೆಯ ಹಾಗೆ ಗಂಟಲಲ್ಲಿ ಅಂಟಿಕೊಂಡಿತು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಹೊಲದಲ್ಲಿ ಎರಡೂ ಕೂಡಿಸಿ ಆಡುತ್ತ ಬೆಳೆದವಳು ನಾನು. ಇದು ಯಾವ ಭಾಷೆಯ ಮಾತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಬೀಗರ ಬಾಗಿಲಿಗೆ ಹೋಗಿ ‘ನಿಮ್ಮಲ್ಲಿ ಜೀತ ಐತೇನ್ರಿ?’ ಎಂದು ಮಾವನವರು ಕೇಳುವಂತಿರಲಿಲ್ಲ, ಮರ್ಯಾದೆಯ ಪ್ರಶ್ನೆ. ಅದಕ್ಕೇ ಸೊಸೆಗೆ ಹಬ್ಬ, ಸೊಸೆಯ ಜೊತೆಗೆ ಕಾಗದದ ಚೀಲ ಹಿಡಿದ ದಿವಾಣಜಿ.

ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿಗೆ ಬಂಡಿ ಕಟ್ಟಿಕೊಂಡು ಬಂದವನು ಆ ಸಾಲಗಡಿಯೇ. ನಾನು ಅವನಿಗೆ ಕಾಕಾ ಎನ್ನುತ್ತಿದ್ದೆ. ಮಳೆಗಾಲದಲ್ಲಿ ಬೋರಿ ಹೊಳೆ ದಾಟಿಸಿ ಸಾಲೆಗೆ ಬಿಡುತ್ತಿದ್ದವನು ಅವನು, ಅವನ ಹೆಗಲ ಮೇಲೆ ಕೂತೇ ನಾನು ಅಕ್ಷರ ಕಲಿತದ್ದು ಎಂದರೂ ಸೈ. ಮಗಳ ಮದುವೆಗೆ ಅವನು ಅಪ್ಪನ ಹತ್ತಿರ ಹಣ ಎತ್ತಿದ್ದ. ಆ ಮಗಳಿಗೆ ಆಗಲೇ ಮಕ್ಕಳಾಗಿದ್ದವು, ಹಣ ಮಾತ್ರ ತೀರಿರಲಿಲ್ಲ, ತೀರದೆ ಅವನು ಕೆಲಸ ಬಿಡುವಂತಿರಲಿಲ್ಲ. ಅವನ ಮಗ ಕುಂಭಾರಿಯಲ್ಲಿ ಮನೆ ಮಾಡಿಕೊಂಡು ಸೊಲ್ಲಾಪುರದ ಮಿಲ್ಲಿಗೆ ಹೋಗಿಬರುತ್ತಿದ್ದ. ಈ ಪಾಡ್ಯಕ್ಕೆ ಗಂಡ ಬಂದಾನು, ಮುಂದಿನ ಪಾಡ್ಯಕ್ಕೆ ಬಂದಾನು ಎಂದು ಕಾದು ಬೇಸತ್ತ ಹೆಂಡತಿ ಮಗನ ಹತ್ತಿರ ಹೋಗಿದ್ದಳು. ಕಾಕಾ ಒಬ್ಬನೇ ನಮ್ಮ ದನದ ಕೊಟ್ಟಿಗೆಯ ಪಕ್ಕದಲ್ಲಿ ರೊಟ್ಟಿ ಸುಟ್ಟುಕೊಳ್ಳುತ್ತಿದ್ದ.

‘ಕಾಕಾ, ಕುಂಭಾರಿಗೆ ಯಾವಾಗ ಹೋಗ್ತಿ?’ ಎಂದು ಬಂಡಿಯಲ್ಲಿ ಕೇಳಿದೆ.

ಅವನು ನನ್ನನ್ನು ನೋಡಲಿಲ್ಲ, ದಿವಾಣಜಿಯ ಚೀಲ ನೋಡಿದ. ‘ನನಗೇನ ಕಮ್ಮಿ ಆಗೇದ ಅಕ್ಕಾರ? ಧಣ್ಯಾರು ಭಾಳ ಚಲೋ ನೋಡ್ಕೊಂಡಾರ’ ಎಂದು ದಾರಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಹೇಳಿದ. ಮೊದಲು ನನಗೆ ತಂಗಿ ಎನ್ನುತ್ತಿದ್ದವನು ಈಗ ಅಕ್ಕಾರ ಎಂದ. ನಾನು ಅಪ್ಪನ ಪರವಾಗಿ ಅವನ ಹೊಟ್ಟೆಯೊಳಗಿನದನ್ನು ತೆಗೆಯಲು ಬಂದಿದ್ದೇನೆ ಎಂದುಕೊಂಡಿದ್ದ. ನನಗೆ ಅಳುವೇ ಬಂತು.

ಅಪ್ಪ ಕಾಗದ ಓದಿದವನೇ ಸಹಿ ಎಳೆದುಬಿಟ್ಟ. ಅವನ ಕೈ ಅಷ್ಟು ಹಗುರಾಗಿ ಓಡಿದ್ದೇ ನನಗೆ ಸರಿ ಬರಲಿಲ್ಲ.

‘ಕಾಕಾನ ಸಾಲ ತೀರಿತೇನಪಾ?’

‘ಹೆಂಗ ತೀರ್ತದ? ಹಂಗ ಅದ.’

‘ಮತ್ತ ಇಲ್ಲ ಅಂತ ಸಹಿ ಮಾಡಿದಿ?’

‘ಅದು ಕಂಪನಿಗೆ. ನಮ್ಮ ವ್ಯವಹಾರ ಬ್ಯಾರೆ.’ ಆಮೇಲೆ ದನಿ ತಗ್ಗಿಸಿ, ‘ಅದಿರ್ಲಿ, ನಿಮ್ಮ ಮಾವ ದಿವಾಣಜೀನ್ನ ಯಾಕ ಕಳಿಸ್ಯಾನ? ಈ ನೆವದಾಗ ಶೇಂಗಾದ ಭಾವ ಇಳಿಸಾಕೇನು?’

ನನ್ನ ಮೈ ಉರಿಯಿತು. ಮಾವನವರಿಗೆ ಕಂಪನಿಯ ಮೇಲೆ ಸಂಶಯ, ಅಪ್ಪನಿಗೆ ಮಾವನವರ ಮೇಲೆ, ಕಾಕಾನಿಗೆ ನನ್ನ ಮೇಲೆ. ನನಗೆ ಎಲ್ಲರ ಮೇಲೂ. ಬಾಯಿ ಬಿಟ್ಟು ಕೇಳಬೇಕಾದ ಒಂದು ಮಾತನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ಪಾಡ್ಯದ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬೇವುಬೆಲ್ಲ ಹಂಚಿದ ಮೇಲೆ ಸಾಲಗಡಿಯನ್ನು ಕಟ್ಟೆಯ ಮುಂದೆ ಕರೆದು ಒಂದು ಕಂಬಳಿ, ಒಂದು ಜೊತೆ ಹೊಸ ಚಪ್ಪಲಿ ಇಡುತ್ತಾರೆ. ಅವನು ಚಪ್ಪಲಿ ಮೆಟ್ಟಿದರೆ ಇನ್ನೊಂದು ವರ್ಷಕ್ಕೆ ಒಪ್ಪಿದ ಹಾಗೆ. ಕಾಕಾ ಪ್ರತಿ ಪಾಡ್ಯಕ್ಕೂ ಮೆಟ್ಟುತ್ತಿದ್ದ. ಅವು ಕಿರ್‌ಕಿರ್ ಎನ್ನುವುದು ಕೇಳಿ ಚಿಕ್ಕವಳಾಗಿದ್ದಾಗ ನಾನು ಕುಣಿಯುತ್ತಿದ್ದೆ.

ಆ ದಿನ ಕಟ್ಟೆಯ ಮೇಲೆ ಓಣಿಯ ಹಿರಿಯರು ಕೂತಿದ್ದರು. ದಿವಾಣಜಿ ಮಸಿಯ ಡಬ್ಬಿ ತೆರೆದರು. ‘ಒತ್ತು ಒತ್ತು, ಸರ್ಕಾರದ ಕೆಲಸ’ ಎಂದ ಅಪ್ಪ. ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅಪ್ಪ ಚಾಚಿದ ಕಾಗದಕ್ಕೆ ಅವನು ಹಿಂದೆ ಹೆಬ್ಬೆಟ್ಟು ಒತ್ತಿದಾಗಲೆಲ್ಲ ಕುಂಭಾರಿ ಇನ್ನಷ್ಟು ದೂರವಾಗಿತ್ತು. ಅವನ ಮುಖದಲ್ಲಿದ್ದ ಅಂಜಿಕೆ ನೋಡಿ ನನಗೆ ತಡೆಯಲಾಗಲಿಲ್ಲ.

‘ತಡೀರಿ, ಓದಿ ಹೇಳ್ತೀನಿ’ ಎಂದು ಕಾಗದ ಕಸಿದುಕೊಂಡೆ.

‘ಯಾಕ ಬೇಕು? ಮರಾಠಿ ಅದ, ಅಂವಗೇನ ತಿಳೀತದ’ ಎಂದ ಅಪ್ಪ.

‘ಓದ್ರಿ ಬಾಯಿ, ಓದಿ ಹೇಳೇ ಒತ್ತಿಸಬೇಕಂತ ಕಂಪನಿ ಹೇಳೇದ’ ಎಂದರು ದಿವಾಣಜಿ. ನಿಜವಾಗಿ ಹಾಗೆ ಇತ್ತೋ, ಅವರೇ ಕಟ್ಟಿದ್ದೋ, ಇವತ್ತಿಗೂ ನನಗೆ ಅನುಮಾನವಿದೆ.

ನಾನು ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. ‘ಇಂವನ ಮ್ಯಾಲ ನನ್ನದು ಯಾವ ಸಾಲಾನೂ ಇಲ್ಲ. ಇಂವ ಬೇಕಾದಾಗ ಕೆಲಸ ಬಿಟ್ಟು ಹೋಗಬಹುದು. ಇದು ಖರೇ ಅಂತ ಸಹಿ ಮಾಡೀನಿ.’

‘ಇನ್ನೊಮ್ಮೆ ಓದ್ರಿ ಅಕ್ಕಾರ’ ಎಂದ ಕಾಕಾ. ಓದಿದೆ. ಅವನು ಅಪ್ಪನ ಕಡೆ ತಿರುಗಿದ. ‘ಖರೇ ಏನ್ರಿ ಧಣಿ?’

ಅಪ್ಪ ಹಿರಿಯರನ್ನು ನೋಡಿದ, ಬೀಗರ ದಿವಾಣಜಿಯನ್ನು ನೋಡಿದ, ಕೆಳಗಿನ ತನ್ನ ಸಹಿಯನ್ನು ನೋಡಿದ. ಒಳಗಿನ ಕೋಣೆಯಲ್ಲಿ ಇನ್ನೂ ಮಾರದ ಶೇಂಗಾ ಮಾಡಿನ ಜಂತಿ ಮುಟ್ಟಿತ್ತು. ‘ಖರೇ’ ಎಂದ. ನಮ್ಮಪ್ಪನ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಕೇಳಿರಲಿಲ್ಲ.

ಕಾಕಾ ಹೆಬ್ಬೆಟ್ಟು ಒತ್ತಿದ, ಮಸಿಯನ್ನು ಧೋತರದ ತುದಿಗೆ ಒರೆಸಿಕೊಂಡ.

‘ಆತಲ್ಲ? ಚಪ್ಪಲಿ ಮೆಟ್ಟು’ ಎಂದ ಅಪ್ಪ.

‘ಒಲ್ಲೆರಿ. ಮೆಟ್ಟಿದ್ರ ಮತ್ತ ಸಾಲ ಸುರು ಆಗ್ತದ.’

ಯಾವ ಸಾಲ ಎಂದು ಅಪ್ಪ ಕೇಳಲಿಲ್ಲ. ಕಾಕಾ ಕೊಟ್ಟಿಗೆಯಿಂದ ಗಂಟು ತಂದ, ಎತ್ತಿನ ಬೆನ್ನು ಚಪ್ಪರಿಸಿದ, ಅವ್ವನಿಗೆ ಬಾಗಿಲ ಹೊರಗಿನಿಂದಲೇ ಕೈ ಮುಗಿದು ಹೊಳೆಯ ದಾರಿ ಹಿಡಿದ.

ಮಧ್ಯಾಹ್ನ ಊಟ ಮುಗಿಸಿ ನಮ್ಮನ್ನು ಅಕ್ಕಲಕೋಟೆಗೆ ಬಿಡಲು ಅಪ್ಪನೇ ಬಂಡಿ ಹೂಡಬೇಕಾಯಿತು. ಊರು ಹತ್ತಿರವಾದಾಗ ತಿರುಗದೆಯೇ ಕೇಳಿದ. ‘ಇದನ್ನ ನಿಮ್ಮ ಮಾವ ಕಲಿಸಿ ಕಳಿಸಿದ್ನೇನು?’

‘ನೀ ಸಹಿ ಮಾಡಿದ್ದನ್ನ ಓದಿದೆ ಅಪ್ಪಾ, ಅಷ್ಟ.’

ಅವನು ನಂಬಲಿಲ್ಲ. ಮುಂದೆ ಸಾಯುವತನಕವೂ ನನ್ನ ಕೈಗೆ ಒಂದು ಕಾಗದವನ್ನೂ ಕೊಡಲಿಲ್ಲ. ಅದಕ್ಕೆ ನನಗೆ ದುಃಖವಿದೆ.

ಸೊಲ್ಲಾಪುರದ ಬಸ್ಸು ಹತ್ತಿದಾಗ ಹಿಂದಿನ ಸೀಟಿನಲ್ಲಿ ಕಾಕಾ ಕೂತಿದ್ದ. ಬರಿಗಾಲು, ತೊಡೆಯ ಮೇಲೆ ಗಂಟು. ಕಿಟಕಿಯಿಂದ ಅಪ್ಪನ ಬಂಡಿಯನ್ನೇ ನೋಡುತ್ತಿದ್ದ, ಕಾಗದ ಹರಿದು ಹಾಕಿ ತನ್ನನ್ನು ಇಳಿಸಲು ಬಂದಾನೇನೋ ಎಂಬಂತೆ. ನಾನು ಹತ್ತಿರ ಹೋಗಿ ‘ಕಾಕಾ’ ಎಂದೆ. ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೋದ. ಅಷ್ಟರಲ್ಲಿ ಬಸ್ಸು ಹೊರಟಿತು. ಅವನು ಕಿಟಕಿಯಾಚೆ ಇನ್ನೊಮ್ಮೆ ನೋಡಿದ, ಬಂಡಿ ಹಿಂದೆ ಉಳಿದಿತ್ತು. ಅರ್ಧ ಎದ್ದವನು ಮತ್ತೆ ಕೂತ. ಕೂತು, ಪಕ್ಕದಲ್ಲಿ ಜಾಗ ಮಾಡಿದ.

‘ಕೂಡ ಬಾ ತಂಗಿ’ ಎಂದ.