ಅಕ್ಕನ ಮೂಗಿಗೆ ಬಡಿದ ಚಿಮಣಿ ಎಣ್ಣೆ

ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ನೀರಿದೆ ಎನ್ನುವವರನ್ನು ಕಂಡರೆ ನಾನು ನಕ್ಕುಬಿಡುತ್ತಿದ್ದೆ. ಸೊರಬದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನು ನಗದೆ ಇನ್ನೇನು ಮಾಡಲಿ? ಈಗಲೂ ನಗುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ನನಗೊಂದು ಹುಚ್ಚಿದೆ. ಮೊದಮೊದಲು ಎಣ್ಣೆಗಾಗಿ ನೆಲ ಕೊರೆದವರ ಕಥೆ ಸಿಕ್ಕರೆ ಊಟ ಬಿಟ್ಟು ಓದುತ್ತೇನೆ. ಅಮೆರಿಕದಲ್ಲಿ ಮೊದಲು ಕೊರೆಯುತ್ತಿದ್ದದ್ದು ಉಪ್ಪುನೀರಿಗಾಗಿ. ಜೊತೆಗೆ ಕಪ್ಪೆಣ್ಣೆ ಉಕ್ಕಿದರೆ ಉಪ್ಪು ಕೆಟ್ಟಿತೆಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಅದನ್ನೇ ಭಟ್ಟಿ ಇಳಿಸಿದರೆ ದೀಪ ಉರಿಯುತ್ತದೆಂದು ಗೊತ್ತಾಯಿತು ನೋಡಿ, ಜನ ಹುಚ್ಚೆದ್ದು ಕೊರೆದರು! ನೆಲ ಮೂಸಿ ಎಣ್ಣೆ ಹುಡುಕುವ ಮೂಗಿನ ಪಂಡಿತರೂ ಹುಟ್ಟಿಕೊಂಡರು. ಅವರ ಕಥೆ ಹೇಳಿ ವಿದ್ಯಾರ್ಥಿಗಳನ್ನು ನಗಿಸುವುದೆಂದರೆ ನನಗೆ ಹಬ್ಬ.

ಕೆಲವು ವರ್ಷಗಳ ಹಿಂದೆ ನನ್ನ ದೊಡ್ಡಕ್ಕ ಗೌರಕ್ಕ, ಶಿಕಾರಿಪುರದ ಕಡೆ ತಾಳಗುಂದದ ಹತ್ತಿರ ತರಕಾರಿ ಸಸಿಗಳ ನರ್ಸರಿ ಶುರು ಮಾಡಿದಳು. ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದಿದ್ದಳು. ಬೋರ್‌ವೆಲ್‌ನಲ್ಲಿ ನೀರು ಬಿದ್ದರೆ ನರ್ಸರಿ, ಇಲ್ಲದಿದ್ದರೆ ಅಲ್ಲಿಗೇ ಮಂಗಳ. ಕಲ್ಲಿನ ಬಿರುಕು ಸಾಗಿದ ದಿಕ್ಕು ನೋಡಿ ನಾನೇ ಒಂದು ಕಡೆ ಗೂಟ ಹೊಡೆದೆ. ಅಕ್ಕ ಅಲ್ಲಿಗೆ ಬಂದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಲೇ ತಮ್ಮಾ, ಇಲ್ಲಿ ಬ್ಯಾಡೋ. ಚಿಮಣಿ ಎಣ್ಣಿ ವಾಸನಿ ಹೊಡಿತೈತಿ."

ಚಿಮಣಿ ಎಣ್ಣೆ ಎಂದರೆ ನಮ್ಮ ಸೊರಬದವರ ಸೀಮೆಎಣ್ಣೆ. ಮಂಡಿಯೂರಿ ಮೂಸಿದೆ. ಮಣ್ಣಿನ ವಾಸನೆ ಬಿಟ್ಟರೆ ಏನೂ ಇಲ್ಲ. ಇಂಥ ಗಟ್ಟಿ ಕಲ್ಲಿನ ಸೀಮೆಯಲ್ಲಿ ಎಣ್ಣೆಯೆಂದರೆ ನಂಬುವುದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆಯೇ ಸರಿ ಎಂದು ನಕ್ಕೆ.

ಮರುದಿನ ಸೊರಬದ ಖಲೀಲ್ ರಿಗ್ ಲಾರಿ ತಂದು ನನ್ನ ಗೂಟದ ಜಾಗದಲ್ಲೇ ಕೊರೆಯಲು ನಿಂತ. ಮಧ್ಯಾಹ್ನದವರೆಗೂ ಬರೀ ಬೂದು ಧೂಳು. ಅಕ್ಕ ಸಸಿಯ ಟ್ರೇಗಳ ಪಕ್ಕ ಕೂತಿದ್ದಳು. ಆಮೇಲೆ ಧೂಳು ಒದ್ದೆಯಾಯಿತು, ಕೆಸರು ಚಿಮ್ಮಿತು, ಅದರ ಮೇಲೆ ನವಿಲುಗರಿಯ ಬಣ್ಣ! ಗಪ್ಪನೆ ಸೀಮೆಎಣ್ಣೆಯ ವಾಸನೆ. "ಎಣ್ಣೆ! ಖಲೀಲ್, ಎಣ್ಣೆ!" ಎಂದು ಕುಣಿದೇಬಿಟ್ಟೆ.

"ಹಗಲೊತ್ತಲ್ಲೇ ಎಣ್ಣೆ ಕೇಳ್ತೀರಲ್ಲ ಸಾರ್? ನಾನು ಮುಟ್ಟಲ್ಲರೀ!" ಎಂದು ಅವನು ಮಿಷನ್ ಸದ್ದಿನಲ್ಲೇ ಕೂಗಿದ.

ಅಷ್ಟರಲ್ಲಿ ವಾಸನೆ ಅವನ ಮೂಗಿಗೂ ಬಡಿಯಿತು. ಮಿಷನ್ ನಿಲ್ಲಿಸಿ ಪೈಪು, ಟ್ಯಾಂಕು, ಕಂಪ್ರೆಸರ್ ಎಲ್ಲ ತಡಕಿದ. "ಎಲ್ಲೂ ಲೀಕ್ ಇಲ್ಲ ಸಾರ್. ಇದು ಡೀಸೆಲ್ ವಾಸ್ನೆನೂ ಅಲ್ಲ."

ನಾನು ಬಾಟಲಿ ಹುಡುಕಲು ಓಡಿದೆ. ಅಕ್ಕನ ಕಣ್ಣು ತುಂಬಿತ್ತು. "ನಿನ್ನ ಎಣ್ಣಿ ಯಾರಿಗೆ ಬೇಕೋ? ನನ್ನ ಸಸಿ ಎಣ್ಣಿ ಕುಡಿತಾವೇನು?" ಉಪ್ಪುನೀರಿಗೆ ಕೊರೆದವರ ಸಂಕಟ ನನಗೆ ಅರ್ಥವಾದದ್ದು ಅವತ್ತೇ. ಆದರೂ ಬಾಟಲಿ ತುಂಬಿಕೊಂಡೆ. ಖಲೀಲ್ ಮತ್ತೆ ಕೊರೆದ. ಸ್ವಲ್ಪ ಹೊತ್ತಿಗೆ ಭುಸ್ಸೆಂದು ನೀರು ಎದ್ದಿತು. ಅಕ್ಕ ಬೊಗಸೆಯಲ್ಲಿ ಹಿಡಿದು ಮೂಸಿದಳು, ಕುಡಿದಳು, ಮಗುವಿನ ಹಾಗೆ ನಕ್ಕಳು. ವಾಸನೆ ಎಲ್ಲಿ ಹೋಯಿತೋ!

ಬಾಟಲಿಯಲ್ಲಿದ್ದದ್ದನ್ನು ಲ್ಯಾಬಿನಲ್ಲಿ ನಾನೇ ಪರೀಕ್ಷಿಸಿದೆ, ಬೇರೆಯವರಿಂದಲೂ ಮಾಡಿಸಿದೆ. ಬರೀ ನೀರು. ರಿಗ್ಗಿನದೇ ಏನೋ ಸೋರಿತ್ತು ಎಂದುಕೊಳ್ಳೋಣವೆಂದರೆ, ರಿಗ್ ಬರುವ ಮೊದಲೇ ಅಕ್ಕ ಮೂಸಿದ್ದು ಏನನ್ನು?

ನರ್ಸರಿ ಚೆನ್ನಾಗಿ ನಡೆದಿದೆ. ಬಾಟಲಿ ಮನೆಯಲ್ಲಿ ನನ್ನ ಕಪಾಟಿನಲ್ಲಿದೆ. ತೆಗೆದು ಮೂಸುತ್ತೇನೆ, ಏನೂ ಇಲ್ಲ. ಅಕ್ಕ ಮಾತ್ರ ಬಂದಾಗಲೆಲ್ಲ ಮೂಗು ಮುಚ್ಚಿ ಬಾಗಿಲಲ್ಲೇ ನಿಲ್ಲುತ್ತಾಳೆ. ನೋಡೇಬಿಡೋಣವೆಂದು ಒಮ್ಮೆ ಅವಳಿಗೆ ಹೇಳದೆ ಬಾಟಲಿಯನ್ನು ಕಾಲೇಜಿನಲ್ಲಿ ಇಟ್ಟು ಬಂದೆ. ಅವತ್ತು ಸೀದಾ ಒಳಗೆ ಬಂದು ಕೂತು ಕಾಫಿ ಕೇಳಿದಳು. ಹೋದ ವಾರ ಅದನ್ನು ಸದ್ದಿಲ್ಲದೆ ವಾಪಸು ತಂದಿಟ್ಟೆ. ನಿನ್ನೆ ಅಕ್ಕ ಬಂದಳು. ಚಪ್ಪಲಿ ಬಿಡುವ ಮೊದಲೇ ಸೆರಗು ಮೂಗಿಗೆ ಹೋಯಿತು.

"ಮತ್ತ ಯಾಕ ತಂದ್ಯೋ ಅದನ್ನ?"